ಕಾರ್ಖಾನೆಯ ದಫ್ತರ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಾರ್ಖಾನೆಯ ನಕ್ಷೆಗಳ ಮಾತೇಕೆ ಎಂದು ವಾಚಕರು ಹುಬ್ಬೇರಿಸಬಹುದು. ಯಂತ್ರಶಿಲ್ಪ ನಮ್ಮ ಪಠ್ಯವಿಷಯವಲ್ಲವೆಂಬುದು ನಿಜ. ಆದರೆ ಇಲ್ಲಿ ಹೇಳಹೊರಟಿರುವುದು ಯಂತ್ರದ ವಿಚಾರವಲ್ಲ. ಯಂತ್ರದ ವಿಚಾರವಾಗಿ ಮನುಷ್ಯರು ಬರೆದಿಡುವ ಬರಹದ ವಿಚಾರ. ಬರಹವೆಂದ ಮೇಲೆ ಅದು ನಮ್ಮ ಅಂಗಳಕ್ಕೂ ಸೇರಿದ್ದು.

ಗ್ರಂಥಸಂಪಾದನೆಯ ಪಾಠ ಕೇಳಿದವರೆಲ್ಲರೂ ಪಾಠಾಂತರವೆಂದರೇನೆಂದು ಬಲ್ಲರು. ಕವಿಯೊಬ್ಬನು ಕಾವ್ಯವನ್ನು ಬರೆದನು. ಲಿಪಿಕಾರನೊಬ್ಬನು ಅದನ್ನು ಓಲೆಗರಿಯ ಮೇಲೆ ಪ್ರತಿ ಮಾಡಿದನು. ಆ ಪ್ರತಿಯಿಂದ ಮತ್ತೊಬ್ಬನು ಮತ್ತೊಂದು ಪ್ರತಿ ಮಾಡಿದನು. ಒಬ್ಬನು ಒಂದಕ್ಷರವನ್ನು ಬಿಟ್ಟನು, ಇನ್ನೊಬ್ಬನು ತನಗೆ ತಿಳಿಯದ ಪದವನ್ನು ತಿಳಿದ ಪದವಾಗಿ ತಿದ್ದಿದನು. ಕೆಲವು ಶತಮಾನಗಳು ಕಳೆಯುವಷ್ಟರಲ್ಲಿ ಒಂದೇ ಕಾವ್ಯಕ್ಕೆ ಹತ್ತು ಪ್ರತಿಗಳು, ಹತ್ತರಲ್ಲಿ ಹತ್ತು ಪಾಠಗಳು. ಇವುಗಳಲ್ಲಿ ಕವಿಯ ಪಾಠ ಯಾವುದೆಂದು ನಿರ್ಣಯಿಸಲು ನಮ್ಮ ವಿದ್ವಾಂಸರು ಜೀವಮಾನವನ್ನೇ ಸವೆಸಿದ್ದಾರೆ. ಆದರೂ ಕಾವ್ಯದಲ್ಲಿ ಪಾಠಾಂತರವುಂಟಾದರೆ ಹೆಚ್ಚೆಂದರೆ ಒಂದು ಚರ್ಚೆ ನಡೆದೀತು, ಒಂದು ಲೇಖನ ಹುಟ್ಟೀತು. ಯಾರ ಪ್ರಾಣಕ್ಕೂ ಅಪಾಯವಿಲ್ಲ. ಕಾರ್ಖಾನೆಯ ಕಾಗದಗಳಲ್ಲಿ ಪಾಠಾಂತರವುಂಟಾದರೆ ಮನುಷ್ಯರು ಸಾಯುತ್ತಾರೆ. ಇದು ಅತಿಶಯೋಕ್ತಿಯಲ್ಲವೆಂಬುದನ್ನು ಮುಂದೆ ಕಾಣಬಹುದು.

ಮೊದಲು ಈ ಕಾಗದಗಳು ಯಾವುವು ಎಂಬುದನ್ನು ತಿಳಿಯೋಣ. ಒಂದು ತೈಲ ಶುದ್ಧೀಕರಣಾಲಯವನ್ನಾಗಲಿ, ರಸಗೊಬ್ಬರದ ಕಾರ್ಖಾನೆಯನ್ನಾಗಲಿ, ವಿದ್ಯುದಾಗಾರವನ್ನಾಗಲಿ ಕಟ್ಟುವಾಗ ಮೊದಲು ಹುಟ್ಟುವುದು ಕಬ್ಬಿಣವಲ್ಲ, ಕಾಗದ. ಯಾವ ದ್ರವ ಯಾವ ಪಾತ್ರೆಯಿಂದ ಯಾವ ಪಾತ್ರೆಗೆ ಹರಿಯಬೇಕು, ಎಷ್ಟು ಬಿಸಿಯಲ್ಲಿ, ಎಷ್ಟು ಒತ್ತಡದಲ್ಲಿ ಎಂಬುದನ್ನು ರಾಸಾಯನಿಕ ಎಂಜಿನಿಯರು ನಿರ್ಧರಿಸುತ್ತಾನೆ. ಅದರಿಂದ ಪ್ರತಿಯೊಂದು ಕೊಳವೆಯನ್ನೂ, ಕವಾಟವನ್ನೂ, ಮಾಪಕವನ್ನೂ ತೋರಿಸುವ ಮೂಲನಕ್ಷೆ ಸಿದ್ಧವಾಗುತ್ತದೆ. ಅದನ್ನು ಹಿಡಿದು ಯಂತ್ರದ ಎಂಜಿನಿಯರು ಪಂಪುಗಳ ವಿವರಪತ್ರಗಳನ್ನೂ, ವಿದ್ಯುತ್ತಿನ ಎಂಜಿನಿಯರು ತಂತಿಗಳ ಪಟ್ಟಿಯನ್ನೂ, ಸಿವಿಲ್ ಎಂಜಿನಿಯರು ತಳಪಾಯದ ನಕ್ಷೆಗಳನ್ನೂ ಬರೆಯುತ್ತಾರೆ. ಖರೀದಿಯ ಕಚೇರಿಯವರು ಬೇಡಿಕೆಪತ್ರಗಳನ್ನು ಬರೆಯುತ್ತಾರೆ. ಕಡೆಯಲ್ಲಿ, ಕಾರ್ಖಾನೆಯನ್ನು ನಡೆಸುವವರಿಗಾಗಿ ಕೈಪಿಡಿ, ದುರಸ್ತಿ ಮಾಡುವವರಿಗಾಗಿ ಬಿಡಿಭಾಗಗಳ ಪಟ್ಟಿ. ದೊಡ್ಡ ಕಾರ್ಖಾನೆಯೊಂದರ ಕಾಗದಗಳು ಸಾವಿರಗಟ್ಟಲೆಯಲ್ಲ, ಹತ್ತು ಸಾವಿರಗಟ್ಟಲೆ ಇರುತ್ತವೆ.

ಇವುಗಳೆಲ್ಲವನ್ನೂ ಒಂದಕ್ಕೊಂದು ಪೋಣಿಸುವ ದಾರವೆಂದರೆ ಉಪಕರಣದ ಹೆಸರು. ಕಾರ್ಖಾನೆಯಲ್ಲಿ ಪ್ರತಿಯೊಂದು ಪಂಪಿಗೂ ಕವಾಟಕ್ಕೂ ಒಂದು ಅಂಕಿತವುಂಟು. ‘ಪಿ-೧೦೧ಎ’ ಎಂದರೆ ಒಂದು ಪಂಪು. ಅದರ ಪಕ್ಕದಲ್ಲಿ ಅದು ಕೆಟ್ಟಾಗ ಕೆಲಸಕ್ಕೆ ಬರಲೆಂದು ನಿಂತಿರುವ ಜೊತೆಯ ಪಂಪು ‘ಪಿ-೧೦೧ಬಿ’. ಈ ಹೆಸರು ಮೂಲನಕ್ಷೆಯಲ್ಲಿರುತ್ತದೆ, ವಿವರಪತ್ರದಲ್ಲಿರುತ್ತದೆ, ತಂತಿಗಳ ಪಟ್ಟಿಯಲ್ಲಿ, ತಳಪಾಯದ ನಕ್ಷೆಯಲ್ಲಿ, ಖರೀದಿಯ ಕಡತದಲ್ಲಿ, ದುರಸ್ತಿಯ ಪುಸ್ತಕದಲ್ಲಿ, ಕೊನೆಗೆ ಪಂಪಿಗೇ ಬಡಿದ ತಗಡಿನ ಮೇಲೆ ಇರುತ್ತದೆ. ಆ ಪಂಪಿನ ಮೋಟಾರು ಬದಲಾಯಿತೆನ್ನೋಣ. ಹಾಗಾದರೆ ಎಷ್ಟು ಕಡೆ ತಿದ್ದಬೇಕು? ಹತ್ತು ಕಡೆ ತಿದ್ದಬೇಕಾದಲ್ಲಿ ಒಂಬತ್ತು ಕಡೆ ತಿದ್ದಿ ಒಂದು ಕಡೆ ಮರೆತರೂ ಪಾಠಾಂತರ ಹುಟ್ಟಿತು. ಮರೆತ ಆ ಒಂದು ಕಡೆಯ ಕಾಗದವನ್ನೇ ನಾಳೆ ಒಬ್ಬನು ನಂಬಿ ಕೆಲಸಕ್ಕೆ ಕೈ ಹಾಕುತ್ತಾನೆ.

ಹಿಂದಿನ ಕಾಲದಲ್ಲಿ ಇದಕ್ಕೊಂದು ಕಟ್ಟುಪಾಡಿತ್ತು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ೧೮೪೨ರಲ್ಲಿ ಕಂಡುಹಿಡಿದ ನೀಲಿಮುದ್ರಣದ ವಿಧಾನ ನಕ್ಷೆಗಳ ಪ್ರಪಂಚವನ್ನು ನೂರು ವರ್ಷ ಆಳಿತು. ಪಾರದರ್ಶಕವಾದ ಬಟ್ಟೆಯ ಅಥವಾ ಕಾಗದದ ಮೇಲೆ ಕೈಯಿಂದ ಬರೆದ ಮೂಲನಕ್ಷೆ ಒಂದೇ ಒಂದು. ಅದು ನಕ್ಷೆಗಳ ಕಚೇರಿಯ ದೊಡ್ಡ ಸೆಳೆಖಾನೆಯಲ್ಲಿ ಬೀಗದೊಳಗಿರುತ್ತಿತ್ತು. ಬೇಕಾದವರಿಗೆ ಅದರಿಂದ ನೀಲಿ ಪ್ರತಿ ತೆಗೆದುಕೊಡುತ್ತಿದ್ದರು. ತಿದ್ದಬೇಕಾದರೆ ಮೂಲವನ್ನೇ ತಿದ್ದಬೇಕು. ತಿದ್ದಿದ ಜಾಗದ ಸುತ್ತ ಮೋಡದಾಕಾರದ ಗೆರೆ ಎಳೆದು, ಪಕ್ಕದ ತ್ರಿಕೋನದಲ್ಲಿ ಎಷ್ಟನೆಯ ತಿದ್ದುಪಡಿ ಎಂಬುದನ್ನು ಬರೆದು, ಮೂಲೆಯಲ್ಲಿ ರುಜು ಹಾಕಬೇಕು. ಈ ಮೋಡದ ಗೆರೆ ಇಂದಿಗೂ ನಕ್ಷೆಗಳಲ್ಲಿ ಉಳಿದುಬಂದಿದೆ. ನಿಧಾನವಾದರೂ ಆ ಪದ್ಧತಿಯಲ್ಲಿ ಮೂಲ ಯಾವುದು, ಪ್ರತಿ ಯಾವುದು ಎಂಬ ಸಂದೇಹಕ್ಕೆ ಎಡೆಯಿರಲಿಲ್ಲ.

ಗಣಕಯಂತ್ರ ಬಂದು ಈ ಕಟ್ಟುಪಾಡನ್ನು ಒಮ್ಮೆಗೇ ಸಡಿಲಿಸಿತು. ಗಣಕದಲ್ಲಿ ತೆಗೆದ ಪ್ರತಿಗೂ ಮೂಲಕ್ಕೂ ಕೂದಲೆಳೆಯಷ್ಟೂ ಭೇದವಿಲ್ಲ. ಎಲ್ಲ ಪ್ರತಿಗಳೂ ಮೂಲಗಳೇ. ನಕ್ಷೆಯನ್ನು ಮಿಂಚಂಚೆಗೆ ಲಗತ್ತಿಸಿ ಇಪ್ಪತ್ತು ಜನರಿಗೆ ಕಳುಹಿಸಿದರೆ ಇಪ್ಪತ್ತು ಮೂಲಗಳಾದುವು. ಅವರಲ್ಲಿ ಐವರು ತಮ್ಮ ತಮ್ಮ ಪ್ರತಿಯನ್ನು ತಿದ್ದಿ, ‘ಅಂತಿಮ’, ‘ಹೊಸ ಅಂತಿಮ’, ‘ನಿಜವಾದ ಅಂತಿಮ’ ಎಂದು ಹೆಸರಿಟ್ಟು ಹಿಂದಿರುಗಿಸಿದರು. ನಮ್ಮ ವಿದ್ಯಾರ್ಥಿ ಸಂಘಗಳ ಆಹ್ವಾನ ಪತ್ರಿಕೆಯನ್ನು ಸಿದ್ಧಪಡಿಸಿದವರಿಗೆ ಈ ಅನುಭವ ಹೊಸದಲ್ಲ. ಓಲೆಗರಿಯ ಕಾಲದ ಲಿಪಿಕಾರ ಹೀಗೆ ಹೊಸ ವೇಷದಲ್ಲಿ ಮರಳಿ ಬಂದನು. ಆದರೆ ಹಳೆಯ ಲಿಪಿಕಾರನಿಗೆ ಒಂದು ಪ್ರತಿಗೆ ತಿಂಗಳುಗಳು ಹಿಡಿಯುತ್ತಿದ್ದುವು. ಹೊಸಬನಿಗೆ ಒಂದು ಕ್ಷಣ ಸಾಕು.

ಬರಹದ ತಪ್ಪು ಹೇಗೆ ಪ್ರಾಣಕ್ಕೆ ಎರವಾಗುತ್ತದೆಂಬುದಕ್ಕೆ ಮೂರು ದುರಂತಗಳನ್ನು ಉದಾಹರಿಸುತ್ತೇನೆ. ಮೂರರಲ್ಲಿಯೂ ತಪ್ಪಿನ ಬಗೆ ಬೇರೆ ಬೇರೆ.

ಮೊದಲನೆಯದು ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬ ಹಳ್ಳಿಯ ಬಳಿಯದು. ಅಲ್ಲಿ ನೈಲಾನಿಗೆ ಬೇಕಾದ ಕಚ್ಚಾವಸ್ತುವನ್ನು ತಯಾರಿಸುವ ಕಾರ್ಖಾನೆಯಿತ್ತು. ಆರು ದೊಡ್ಡ ಪಾತ್ರೆಗಳು ಸಾಲಾಗಿ, ಒಂದರಿಂದೊಂದಕ್ಕೆ ಬಿಸಿಯಾದ ದ್ರವ ಹರಿಯುವಂತೆ ನಿಂತಿದ್ದುವು. ೧೯೭೪ರ ಮಾರ್ಚಿ ತಿಂಗಳಲ್ಲಿ ಐದನೆಯ ಪಾತ್ರೆ ಬಿರುಕುಬಿಟ್ಟಿರುವುದು ಕಂಡುಬಂದಿತು. ಅದನ್ನು ತೆಗೆದುಹಾಕಿ, ನಾಲ್ಕನೆಯ ಪಾತ್ರೆಗೂ ಆರನೆಯದಕ್ಕೂ ನಡುವೆ ಇಪ್ಪತ್ತು ಅಂಗುಲ ವ್ಯಾಸದ ತಾತ್ಕಾಲಿಕ ಕೊಳವೆಯೊಂದನ್ನು ಜೋಡಿಸಿ ಕೆಲಸ ಮುಂದುವರಿಸಿದರು. ಎರಡು ಪಾತ್ರೆಗಳ ಮಟ್ಟ ಒಂದೇ ಆಗಿರಲಿಲ್ಲವಾದ್ದರಿಂದ ಕೊಳವೆ ನಡುವೆ ಎರಡು ಕಡೆ ಬಾಗಬೇಕಾಯಿತು. ಆ ಕೊಳವೆಗೆ ಇದ್ದ ನಕ್ಷೆ ಯಾವುದು? ಕಮ್ಮಟದ ನೆಲದ ಮೇಲೆ ಸೀಮೆಸುಣ್ಣದಿಂದ ಗೀಚಿದ ಚಿತ್ರವೊಂದೇ. ಒತ್ತಡಕ್ಕೆ ಅದು ತಡೆದೀತೇ ಎಂಬ ಲೆಕ್ಕವನ್ನು ಯಾರೂ ಸರಿಯಾಗಿ ಬರೆದಿರಲಿಲ್ಲ. ಬರೆದಿದ್ದರೆ ಮತ್ತೊಬ್ಬರು ಓದಿ ಪ್ರಶ್ನಿಸಬಹುದಾಗಿತ್ತು. ಜೂನ್ ೧ನೆಯ ತಾರೀಖು ಕೊಳವೆ ಹರಿದು, ಹೊರಬಿದ್ದ ಆವಿ ಸಿಡಿಯಿತು. ೨೮ ಜನ ಸತ್ತರು. ಅಂದು ಶನಿವಾರವಾಗಿದ್ದುದರಿಂದ ಕಚೇರಿಯಲ್ಲಿ ಜನವಿರಲಿಲ್ಲ. ಕೆಲಸದ ದಿನವಾಗಿದ್ದರೆ ಸತ್ತವರ ಸಂಖ್ಯೆ ಇನ್ನೂ ಬಹಳವಾಗುತ್ತಿತ್ತು. ಸೀಮೆಸುಣ್ಣದ ಚಿತ್ರವನ್ನು ಅದರ ಸುತ್ತ ನಿಂತ ನಾಲ್ಕು ಮಂದಿಯ ಹೊರತು ಬೇರೆ ಯಾರೂ ನೋಡಲಾರರು. ಇದು ಬರೆಯದೆ ಇದ್ದ ತಪ್ಪು.

ಎರಡನೆಯದು ಸ್ಕಾಟ್ಲೆಂಡಿನ ಪೂರ್ವಕ್ಕೆ ಉತ್ತರ ಸಮುದ್ರದ ನಡುವೆ, ತೈಲ ತೆಗೆಯಲೆಂದು ನಿಲ್ಲಿಸಿದ್ದ ಪೈಪರ್ ಆಲ್ಫಾ ಎಂಬ ಕಬ್ಬಿಣದ ಅಟ್ಟದ ಮೇಲೆ ನಡೆದದ್ದು. ೧೯೮೮ರ ಜುಲೈ ೬ನೆಯ ತಾರೀಖು ಹಗಲು ಅಲ್ಲಿಯ ಪಂಪೊಂದರ ರಕ್ಷಣಾ ಕವಾಟವನ್ನು ಪರೀಕ್ಷೆಗಾಗಿ ಬಿಚ್ಚಿದರು. ತೆರೆದ ಬಾಯಿಗೆ ಒಂದು ಲೋಹದ ಬಿಲ್ಲೆಯನ್ನು ತಾತ್ಕಾಲಿಕವಾಗಿ ಜೋಡಿಸಿದರು. ಕೆಲಸ ಸಂಜೆಯೊಳಗೆ ಮುಗಿಯಲಿಲ್ಲ. ಅದೇ ಪಂಪಿನ ಸಂಬಂಧವಾಗಿ ಎರಡು ಅನುಮತಿಪತ್ರಗಳಿದ್ದುವು: ಒಂದು ಪಂಪಿನ ದುರಸ್ತಿಗೆ, ಇನ್ನೊಂದು ಕವಾಟವನ್ನು ಬಿಚ್ಚಿದ್ದಕ್ಕೆ. ರಾತ್ರಿ ಹತ್ತು ಗಂಟೆಯ ಸುಮಾರಿಗೆ ಜೊತೆಯ ಪಂಪು ನಿಂತುಹೋಯಿತು. ಮೊದಲನೆಯ ಪಂಪನ್ನು ನಡೆಸಬಹುದೇ ಎಂದು ರಾತ್ರಿ ಪಾಳಿಯವರು ಕಾಗದಗಳನ್ನು ನೋಡಿದರು. ದುರಸ್ತಿಯ ಪತ್ರ ಸಿಕ್ಕಿತು. ದುರಸ್ತಿ ಇನ್ನೂ ಆರಂಭವಾಗಿರಲಿಲ್ಲ. ಹಾಗಾದರೆ ನಡೆಸಬಹುದೆಂದು ತೀರ್ಮಾನಿಸಿದರು. ಕವಾಟ ಬಿಚ್ಚಿದ ಪತ್ರ ಅವರ ಕಣ್ಣಿಗೆ ಬೀಳಲಿಲ್ಲ. ಎರಡು ಪತ್ರಗಳನ್ನೂ ಒಂದಕ್ಕೊಂದು ಜೋಡಿಸಿ ಇಟ್ಟಿರಲಿಲ್ಲ. ಪಂಪು ತಿರುಗಿತು; ಬಿಲ್ಲೆಯ ಸಂದಿನಿಂದ ಅನಿಲ ಹೊರಬಂದು ಹೊತ್ತಿಕೊಂಡಿತು. ಆ ರಾತ್ರಿ ೧೬೭ ಜನ ತೀರಿಕೊಂಡರು, ೬೧ ಜನ ಮಾತ್ರ ಬದುಕಿ ಉಳಿದರು. ಈ ದುರಂತದ ವಿಚಾರಣೆ ನಡೆಸಿದ ಲಾರ್ಡ್ ಕಲ್ಲನ್ ಅವರ ವರದಿ ೧೯೯೦ರಲ್ಲಿ ೧೦೬ ಶಿಫಾರಸುಗಳೊಡನೆ ಪ್ರಕಟವಾಯಿತು. ಇಲ್ಲಿ ಬರಹವಿತ್ತು, ಬೇಕಾದವರ ಕೈಗೆ ಬೇಕಾದ ಹೊತ್ತಿಗೆ ದೊರೆಯಲಿಲ್ಲ.

ಮೂರನೆಯದು ಅಮೆರಿಕದ ಟೆಕ್ಸಾಸ್ ಸಿಟಿಯ ತೈಲ ಶುದ್ಧೀಕರಣಾಲಯದ್ದು. ೨೦೦೫ರ ಮಾರ್ಚಿ ೨೩ರಂದು ೧೭೦ ಅಡಿ ಎತ್ತರದ ಗೋಪುರವೊಂದಕ್ಕೆ ದ್ರವವನ್ನು ತುಂಬುತ್ತಿದ್ದರು. ದ್ರವ ಗೋಪುರದ ತುದಿಯ ಸಮೀಪ, ೧೫೮ ಅಡಿಯವರೆಗೆ ಏರಿದ್ದಾಗಲೂ ಮಾಪಕ ಹತ್ತಡಿಗಿಂತ ಕಡಿಮೆಯೆಂದೂ, ಅದೂ ಇಳಿಯುತ್ತಿದೆಯೆಂದೂ ತೋರಿಸುತ್ತಿತ್ತು. ತುಂಬಿ ಹೊರಚೆಲ್ಲಿದ ದ್ರವಕ್ಕೆ ಬೆಂಕಿ ತಗಲಿ ೧೫ ಜನ ಸತ್ತರು, ೧೮೦ ಜನ ಗಾಯಗೊಂಡರು. ಈ ದುರಂತಕ್ಕೆ ಕಾರಣಗಳು ಹಲವು. ಅವುಗಳಲ್ಲೊಂದು, ಆ ಮಾಪಕವನ್ನು ಹೊಂದಿಸಲು ಬಳಸಿದ್ದು ೧೯೭೫ರ ವಿವರಪತ್ರವಾಗಿತ್ತೆಂಬುದು. ಮೂವತ್ತು ವರ್ಷಗಳಲ್ಲಿ ಗೋಪುರದ ಉಪಯೋಗ ಬದಲಾಗಿತ್ತು, ಒಳಗಿನ ದ್ರವ ಬದಲಾಗಿತ್ತು; ಕಾಗದ ಮಾತ್ರ ಬದಲಾಗಿರಲಿಲ್ಲ. ಇಲ್ಲಿ ಬರಹವಿತ್ತು, ಕೈಗೂ ದೊರೆಯಿತು. ಆದರೆ ಅದು ಸತ್ಯವಾಗಿ ಉಳಿದಿರಲಿಲ್ಲ.

ಬರೆಯದಿರುವುದು, ಬರೆದದ್ದು ದೊರೆಯದಿರುವುದು, ದೊರೆತದ್ದು ಹಳೆಯದಾಗಿರುವುದು: ಈ ಮೂರು ದೋಷಗಳಿಗೂ ಮದ್ದೆಂದು ಇಂದು ಎಂಜಿನಿಯರುಗಳು ಕಟ್ಟುತ್ತಿರುವುದು ಎಲ್ಲರಿಗೂ ಸೇರಿದ ಒಂದೇ ದಫ್ತರ. ಗಣಕಯಂತ್ರದಲ್ಲಿ ಒಂದು ಕಡೆ ಮೂಲವಿರುತ್ತದೆ. ಯಾರಿಗೂ ಪ್ರತಿಯನ್ನು ಕಳುಹಿಸುವುದಿಲ್ಲ. ಮೂಲವಿರುವ ವಿಳಾಸವನ್ನು ಮಾತ್ರ ತಿಳಿಸುತ್ತಾರೆ. ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಹೊರದೇಶದ ಕಾರ್ಖಾನೆಗೆ ಕೊಳವೆಗಳನ್ನು ವಿನ್ಯಾಸಗೊಳಿಸುವವನೂ, ಆ ದೇಶದ ನಿವೇಶನದಲ್ಲಿ ಟೊಪ್ಪಿಗೆ ಧರಿಸಿ ನಿಂತವನೂ ನೋಡುವುದು ಅದನ್ನೇ.

ಈ ದಫ್ತರದೊಳಗೆ ನಾಲ್ಕು ಕೋಣೆಗಳಿವೆಯೆಂದು ಭಾವಿಸಬಹುದು. ೨೦೧೮ರಲ್ಲಿ ಹೊರಬಂದ ೧೯೬೫೦ ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕ ಕಟ್ಟಡಗಳ ಕೆಲಸಕ್ಕೆ ಈ ಏರ್ಪಾಟನ್ನೇ ವಿಧಿಸಿದೆ. ಮೊದಲನೆಯ ಕೋಣೆಯಲ್ಲಿ ಬರೆಯುವವನು ತನ್ನ ಕರಡನ್ನು ಬರೆಯುತ್ತಾನೆ. ಅದನ್ನು ಹೊರಗಿನವರು ನೋಡಲಾಗದು. ಬರೆದದ್ದು ಪರಿಶೀಲನೆಯಾದ ಮೇಲೆ ಎರಡನೆಯ ಕೋಣೆಗೆ ಬರುತ್ತದೆ. ಅಲ್ಲಿ ಇತರ ಶಾಖೆಗಳ ಎಂಜಿನಿಯರುಗಳು ನೋಡಿ, ತಮ್ಮ ಕೆಲಸಕ್ಕೆ ಹೊಂದುವುದೇ ಎಂದು ಪರೀಕ್ಷಿಸುತ್ತಾರೆ. ಒಪ್ಪಿಗೆ ದೊರೆತದ್ದು ಮೂರನೆಯ ಕೋಣೆಯನ್ನು ಸೇರುತ್ತದೆ. ಕೆಲಸಗಾರನು ನಂಬಿ ಕೈ ಹಾಕಬಹುದಾದ್ದು ಈ ಕೋಣೆಯದು ಮಾತ್ರ. ಹಳತಾದದ್ದು ನಾಲ್ಕನೆಯ ಕೋಣೆಗೆ ಹೋಗುತ್ತದೆ. ಅದನ್ನು ಹರಿದೆಸೆಯುವುದಿಲ್ಲ, ಯಾವಾಗ ಯಾರು ಏನು ತಿದ್ದಿದರೆಂಬುದಕ್ಕೆ ಸಾಕ್ಷಿಯಾಗಿ ಇಟ್ಟಿರುತ್ತಾರೆ. ಗ್ರಂಥಸಂಪಾದಕನಿಗೆ ಎಷ್ಟೋ ವೇಳೆ ಹಳೆಯ ಪ್ರತಿಯೇ ಪ್ರಮಾಣ. ಕವಿಗೆ ಅದು ಹೆಚ್ಚು ಹತ್ತಿರದ್ದು. ಕಾರ್ಖಾನೆಯಲ್ಲಿ ಇದು ತಲೆಕೆಳಗು. ಒಪ್ಪಿಗೆ ಪಡೆದ ಕಟ್ಟಕಡೆಯ ಪ್ರತಿಯೇ ಪ್ರಮಾಣ. ಏಕೆಂದರೆ ಇಲ್ಲಿ ಕಾವ್ಯ ಇನ್ನೂ ಮುಗಿದಿಲ್ಲ, ಕಾರ್ಖಾನೆ ಇರುವವರೆಗೂ ಅದನ್ನು ಬರೆಯುತ್ತಲೇ ಇರುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ಕಾಗದದ ಬದಲು ಸಂಗತಿಯನ್ನೇ ಒಂದು ಕಡೆ ಬರೆದಿಡುತ್ತಾರೆ. ‘ಪಿ-೧೦೧ಎ’ ಪಂಪಿನ ಮೋಟಾರಿನ ಶಕ್ತಿಯೆಷ್ಟು ಎಂಬುದನ್ನು ಒಂದೇ ಸಲ, ಒಂದೇ ಜಾಗದಲ್ಲಿ ಬರೆಯುವುದು. ವಿವರಪತ್ರವೂ ತಂತಿಗಳ ಪಟ್ಟಿಯೂ ದುರಸ್ತಿಯ ಪುಸ್ತಕವೂ ಅಲ್ಲಿಂದಲೇ ಓದಿಕೊಳ್ಳುವುವು. ಆಗ ತಿದ್ದುವುದು ಒಂದೇ ಕಡೆ. ಮರೆಯಲು ಒಂಬತ್ತು ಕಡೆಗಳಿಲ್ಲ. ಒಬ್ಬ ತಯಾರಕನ ಗಣಕಕ್ರಮದಲ್ಲಿ ಬರೆದದ್ದನ್ನು ಮತ್ತೊಬ್ಬನ ಗಣಕಕ್ರಮ ಓದಬಲ್ಲಂತೆ ೧೫೯೨೬ ಎಂಬ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವೂ ಸಿದ್ಧವಾಗಿದೆ. ಇದು ಇಲ್ಲದಿದ್ದರೆ ಆಗುವ ನಷ್ಟ ಅಲ್ಪವಲ್ಲ. ಒಂದು ಗಣಕಕ್ರಮ ಬರೆದದ್ದನ್ನು ಇನ್ನೊಂದು ಓದಲಾರದೆ ಮತ್ತೆ ಮತ್ತೆ ಬರೆಯುವುದರಿಂದ ಅಮೆರಿಕದ ಕಟ್ಟಡ ಮತ್ತು ಕಾರ್ಖಾನೆಗಳ ಉದ್ಯಮಕ್ಕೆ ೨೦೦೨ರ ಒಂದೇ ವರ್ಷದಲ್ಲಿ ಸುಮಾರು ೧,೫೮೦ ಕೋಟಿ ಡಾಲರುಗಳ ನಷ್ಟವಾಯಿತೆಂದು ಅಲ್ಲಿಯ ರಾಷ್ಟ್ರೀಯ ಮಾನಕ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿದ ವರದಿ ಲೆಕ್ಕ ಹಾಕಿತು. ಅದರಲ್ಲಿ ಮೂರನೆಯ ಎರಡು ಪಾಲು ಬಿದ್ದದ್ದು ಕಟ್ಟಿದವರ ಮೇಲಲ್ಲ; ಕಟ್ಟಿಸಿಕೊಂಡು ನಡೆಸುವವರ ಮೇಲೆ.

ಇನ್ನು ವಿದ್ಯುಚ್ಛಕ್ತಿಯ ಮಾತು. ಕಾಗದ ಉಳಿಯಿತು, ಮರ ಉಳಿಯಿತು, ಇನ್ನು ಖರ್ಚೇ ಇಲ್ಲವೆಂದು ನಾವು ತಿಳಿಯುವುದುಂಟು. ಇದು ಭ್ರಮೆ. ಗಣಕದ ಬರಹ ಆಕಾಶದಲ್ಲಿ ತೇಲುವುದಿಲ್ಲ. ಯಾವುದೋ ಊರಿನ ದೊಡ್ಡ ಕಟ್ಟಡದಲ್ಲಿ, ಹಗಲಿರುಳೂ ಉರಿಯುವ ಯಂತ್ರಗಳೊಳಗೆ ಇರುತ್ತದೆ. ಯಾರೂ ಓದದಿದ್ದರೂ ಆ ಯಂತ್ರಗಳು ವಿದ್ಯುತ್ತನ್ನು ಹೀರುತ್ತಿರುತ್ತವೆ. ಅವು ಕಾಯ್ದು ಕೆಡದಂತೆ ತಂಪು ಮಾಡಲು ಮತ್ತಷ್ಟು ವಿದ್ಯುತ್ತು ಬೇಕು. ಪ್ರಪಂಚದ ಇಂಥ ಕಟ್ಟಡಗಳೆಲ್ಲವೂ ಸೇರಿ ೨೦೨೪ರಲ್ಲಿ ಸುಮಾರು ೪೧,೫೦೦ ಕೋಟಿ ಯೂನಿಟ್ ವಿದ್ಯುತ್ತನ್ನು, ಎಂದರೆ ಪ್ರಪಂಚದ ಬಳಕೆಯಲ್ಲಿ ನೂರಕ್ಕೆ ಒಂದೂವರೆಯಷ್ಟನ್ನು, ಉಪಯೋಗಿಸಿದುವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಅಂದಾಜು ಮಾಡಿದೆ. ಕಾರ್ಖಾನೆಗಳ ನಕ್ಷೆಗಳು ಇದರಲ್ಲಿ ಒಂದು ಸಣ್ಣ ಅಂಶವೇ ಸರಿ. ಆದರೂ ಮನೆಯಲ್ಲಿ ಬೇಡದ ದೀಪವನ್ನು ಆರಿಸುವ ವಿವೇಕ ಇಲ್ಲಿಯೂ ಇರಬೇಕು.

ಆ ವಿವೇಕದ ಬಗೆಗಳು ಸರಳವಾದುವು. ಹತ್ತು ಮೆಗಾಬೈಟಿನ ನಕ್ಷೆಯೊಂದನ್ನು ಇಪ್ಪತ್ತು ಜನರಿಗೆ ಎಂಟು ಸಲ ತಿದ್ದಿ ತಿದ್ದಿ ಕಳುಹಿಸಿದರೆ ೧,೬೦೦ ಮೆಗಾಬೈಟು ಜಾಗ ಬೇಕು. ಒಂದೇ ಮೂಲವನ್ನಿಟ್ಟು, ಪ್ರತಿ ಸಲವೂ ತಿದ್ದಿದ ಭಾಗವನ್ನು ಮಾತ್ರ ಕೂಡಿಸಿಡುತ್ತ ಹೋದರೆ ಅದರ ಅಲ್ಪಭಾಗ ಸಾಕು. ಇದಲ್ಲದೆ, ಗೆರೆಯನ್ನು ಗೆರೆಯಾಗಿಯೇ ಇಡಬೇಕು. ಒಂದು ಗೆರೆಯ ಎರಡು ತುದಿಗಳು ಎಲ್ಲಿವೆಯೆಂದು ನಾಲ್ಕು ಅಂಕಿಗಳಲ್ಲಿ ಹೇಳಿದರೆ ಗಣಕ ಗೆರೆಯನ್ನು ಎಳೆದುಕೊಳ್ಳುತ್ತದೆ. ಅದನ್ನು ಬಿಟ್ಟು, ಮುದ್ರಿಸಿದ ಒಂದು ದೊಡ್ಡ ನಕ್ಷೆಯನ್ನು, ಎಂದರೆ ೮೪೧ ಮಿಲಿಮೀಟರು ಅಗಲ ೧,೧೮೯ ಮಿಲಿಮೀಟರು ಉದ್ದದ ಹಾಳೆಯನ್ನು, ಅಂಗುಲಕ್ಕೆ ಮುನ್ನೂರು ಚುಕ್ಕೆಗಳಂತೆ ಛಾಯೆ ತೆಗೆದರೆ ಸುಮಾರು ಹದಿನಾಲ್ಕು ಕೋಟಿ ಚುಕ್ಕೆಗಳಾಗುತ್ತವೆ. ಅವುಗಳಲ್ಲಿ ಬಹುಪಾಲು ಏನೂ ಹೇಳದ ಬಿಳಿಯ ಚುಕ್ಕೆಗಳು. ಅವುಗಳನ್ನು ಎಷ್ಟು ಒತ್ತಿ ಅಡಕಮಾಡಿದರೂ ಅದು ಚಿತ್ರವೇ ಹೊರತು ಬರಹವಲ್ಲ. ಅದರೊಳಗೆ ‘ಪಿ-೧೦೧ಎ’ ಎಲ್ಲಿದೆಯೆಂದು ನೇರವಾಗಿ ಹುಡುಕಲಾಗದು. ಮೂರನೆಯದಾಗಿ, ಇಡೀ ಕಾರ್ಖಾನೆಯ ಮೂರು ಆಯಾಮದ ಚಿತ್ರವನ್ನು ಎಲ್ಲರಿಗೂ ರವಾನಿಸದೆ, ಕೇಳಿದವನಿಗೆ ಕೇಳಿದ ಮೂಲೆಯನ್ನಷ್ಟೇ ತೋರಿಸಬೇಕು. ನಾಲ್ಕನೆಯದಾಗಿ, ವರ್ಷಕ್ಕೊಮ್ಮೆಯೂ ಬೇಡವಾಗುವ ಹಳೆಯ ಕಡತಗಳನ್ನು ಸದಾ ತಿರುಗುವ ಯಂತ್ರಗಳಲ್ಲಿಡದೆ ಕಾಂತಪಟ್ಟಿಯ ಸುರುಳಿಗಳಲ್ಲಿಡಬೇಕು. ಕಪಾಟಿನಲ್ಲಿ ಮಲಗಿರುವ ಸುರುಳಿಗೆ ವಿದ್ಯುತ್ತಿನ ಹಸಿವಿಲ್ಲ.

ಆದರೆ ಇವೆಲ್ಲವುಗಳಿಂದ ಉಳಿಯುವ ವಿದ್ಯುತ್ತಿಗಿಂತಲೂ ದೊಡ್ಡ ಉಳಿತಾಯ ಬೇರೊಂದು ಕಡೆಯಿದೆಯೆಂಬುದನ್ನು ಮರೆಯಬಾರದು. ಅದು ಕಾರ್ಖಾನೆಯೊಳಗೆ. ಹಳೆಯ ನಕ್ಷೆಯನ್ನು ನಂಬಿ ಕತ್ತರಿಸಿದ ಕೊಳವೆ ಹೊಂದದೆ ಹೋದರೆ ಆ ಉಕ್ಕನ್ನು ಕರಗಿಸಲು ಉರಿದ ಕಲ್ಲಿದ್ದಲೆಲ್ಲ ವ್ಯರ್ಥ. ಪಂಪಿನ ಸಂಗತಿಯನ್ನೇ ನೋಡಿರಿ. ಬೇಕಾದುದಕ್ಕಿಂತ ದೊಡ್ಡ ಪಂಪನ್ನು ಇಟ್ಟು, ಕವಾಟವನ್ನು ಅರ್ಧ ಮುಚ್ಚಿ ನಡೆಸುವುದು ಕಾರ್ಖಾನೆಗಳಲ್ಲಿ ಸಾಮಾನ್ಯ. ಕಾಲಿನಿಂದ ವೇಗವರ್ಧಕವನ್ನೂ ತಡೆಯನ್ನೂ ಒಟ್ಟಿಗೆ ಒತ್ತಿ ಬಂಡಿ ಓಡಿಸಿದಂತೆ. ಎತ್ತರಕ್ಕೆ ಏರಿಸುವ ಭಾರ ಹೆಚ್ಚಿಲ್ಲದ ಕಡೆ, ಇಂಥ ಪಂಪಿನ ವೇಗವನ್ನು ನೂರಕ್ಕೆ ಇಪ್ಪತ್ತರಷ್ಟು ತಗ್ಗಿಸಿದರೆ ಅದು ನುಂಗುವ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಇದನ್ನು ಹೇಳಬೇಕಾದರೆ ಪಂಪಿನ ವಿವರಪತ್ರ ಬೇಕು, ಅದು ಸರಿಯಾದುದಾಗಿರಬೇಕು. ನಮ್ಮ ದೇಶದಲ್ಲಿ ೨೦೦೧ರ ಇಂಧನ ಸಂರಕ್ಷಣಾ ಶಾಸನದಂತೆ ದೊಡ್ಡ ಕಾರ್ಖಾನೆಗಳು ಶಕ್ತಿಯ ಲೆಕ್ಕಪರಿಶೋಧನೆಗೆ ಒಳಪಡಬೇಕು. ಅಂಥ ಪರಿಶೋಧಕನಿಗೆ ನಕ್ಷೆ ಮತ್ತು ವಿವರಪತ್ರಗಳಿಲ್ಲದೆ ಲೆಕ್ಕ ಹಾಕುವುದು ಕುರುಡನ ಕೋಲಿನ ನಡಿಗೆ.

ಈ ಪದ್ಧತಿಯ ಮಿತಿಗಳನ್ನೂ ಹೇಳದಿದ್ದರೆ ಲೇಖನ ಏಕಪಕ್ಷೀಯವಾದೀತು. ಎಲ್ಲರ ದಫ್ತರ ಒಂದೇ ಆದಾಗ, ಅದು ತೆರೆಯದ ಹೊತ್ತು ಎಲ್ಲರೂ ಒಟ್ಟಿಗೆ ಕುರುಡರಾಗುತ್ತಾರೆ. ೨೦೧೧ರ ಮಾರ್ಚಿ ೧೧ರಂದು ಜಪಾನಿನ ಫುಕುಶಿಮಾ ಪರಮಾಣು ವಿದ್ಯುದಾಗಾರಕ್ಕೆ ಸಮುದ್ರದ ಅಲೆ ನುಗ್ಗಿದಾಗ ನಿಯಂತ್ರಣ ಕೊಠಡಿಯೇ ಕತ್ತಲಾಯಿತು. ಅಲ್ಲಿಯ ಕೆಲಸಗಾರರು ಟಾರ್ಚಿನ ಬೆಳಕಿನಲ್ಲಿ ದುಡಿದರು. ಮಾಪಕಗಳನ್ನು ಓದಲು ಕಾರುಗಳ ಬ್ಯಾಟರಿಗಳನ್ನು ತಂದು ಜೋಡಿಸಿದರು. ಅಂಥ ಗಳಿಗೆಯಲ್ಲಿ ವಿದ್ಯುತ್ತನ್ನು ಬೇಡದ ಪುಸ್ತಕ ಕಾಗದದ್ದೊಂದೇ. ಆದುದರಿಂದ ಆಪತ್ಕಾಲದ ಕೈಪಿಡಿಯನ್ನೂ ಮುಖ್ಯ ನಕ್ಷೆಗಳನ್ನೂ ಕಾಗದದಲ್ಲಿ ಮುದ್ರಿಸಿ, ಎಷ್ಟನೆಯ ತಿದ್ದುಪಡಿಯೆಂದು ಬರೆದು, ನಿಯಂತ್ರಣ ಕೊಠಡಿಯಲ್ಲಿ ಇಡಲೇಬೇಕು. ಇನ್ನೊಂದು ಮಿತಿ ಆಯುಸ್ಸಿನದು. ಕಾರ್ಖಾನೆ ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಗಣಕಕ್ರಮಗಳು ಅಷ್ಟು ಕಾಲ ಬಾಳುವುದು ಅಪರೂಪ. ಒಬ್ಬನೇ ವ್ಯಾಪಾರಿಯ ಗುಟ್ಟಿನ ಲಿಪಿಯಲ್ಲಿ ಬರೆದಿಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಅದು ಸಿಂಧೂ ಕಣಿವೆಯ ಮುದ್ರೆಗಳಂತೆ ಓದಲಾಗದ ಒಗಟಾದೀತು. ಎಲ್ಲರೂ ಓದಬಲ್ಲ, ಬಹಿರಂಗವಾಗಿ ಪ್ರಕಟವಾದ ರೂಪದಲ್ಲಿಯೇ ಬರೆದಿಡಬೇಕೆಂಬುದು ಇದಕ್ಕಾಗಿ.

ಎಲ್ಲಕ್ಕಿಂತ ದೊಡ್ಡ ಮಿತಿ ಮನುಷ್ಯನದು. ನಮ್ಮ ಹಳ್ಳಿಗಳಲ್ಲಿ ಜಮೀನು ಅಣ್ಣನಿಂದ ತಮ್ಮನಿಗೆ ಬಂದಿರುತ್ತದೆ. ತಮ್ಮ ಉಳುತ್ತಲೂ ಇರುತ್ತಾನೆ. ಪಹಣಿಯಲ್ಲಿ ಮಾತ್ರ ತಾತನ ಹೆಸರಿರುತ್ತದೆ. ಪಹಣಿ ಶಾನುಭೋಗರ ಕೈಬರಹದ ಪುಸ್ತಕದಿಂದ ಗಣಕಕ್ಕೆ ಬಂದಿತು; ಆದರೆ ಖಾತೆ ಬದಲಾವಣೆಗೆ ಯಾರೂ ಅರ್ಜಿ ಕೊಡದಿದ್ದರೆ ಗಣಕವೂ ತಾತನ ಹೆಸರನ್ನೇ ಹೇಳೀತು. ಕಾರ್ಖಾನೆಯ ದಫ್ತರವೂ ಹಾಗೆಯೇ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ನಿಂತು ಕವಾಟ ಬದಲಾಯಿಸಿದ ಕೆಲಸಗಾರನು, ಬೆಳಿಗ್ಗೆ ಮನೆಗೆ ಹೋಗುವ ಮೊದಲು ‘ಇದನ್ನು ಬದಲಾಯಿಸಿದ್ದೇನೆ’ ಎಂಬ ಒಂದು ಸಾಲನ್ನು ಬರೆಯದಿದ್ದರೆ, ಕೋಟ್ಯಂತರ ರೂಪಾಯಿನ ದಫ್ತರವೂ ಸುಳ್ಳು ಹೇಳುತ್ತದೆ. ಅವನು ಆ ಸಾಲನ್ನು ಬರೆಯಬೇಕಾದರೆ ಬರೆಯುವ ದಾರಿ ಸುಲಭವಾಗಿರಬೇಕು, ಬರೆದದ್ದಕ್ಕಾಗಿ ಅವನು ಬೈಸಿಕೊಳ್ಳುವಂತಿರಬಾರದು, ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆಯಲು ಅವಕಾಶವಿರಬೇಕು.

ಈ ಕಡೆಯ ಮಾತು ನಮಗೆ ಸೇರಿದ್ದೆಂದು ನನ್ನ ಭಾವನೆ. ನಕ್ಷೆಯನ್ನು ಎಂಜಿನಿಯರು ಬರೆಯಲಿ. ಆದರೆ ‘ಮೊದಲು ಈ ಕವಾಟವನ್ನು ಮುಚ್ಚಿ, ಒತ್ತಡ ಇಳಿಯಿತೆಂದು ನೋಡಿ, ಆಮೇಲೆ ಮುಚ್ಚಳವನ್ನು ತೆಗೆಯಿರಿ’ ಎಂಬ ಮಾತನ್ನು ಎರಡರ್ಥಕ್ಕೆ ಎಡೆಯಿಲ್ಲದಂತೆ, ಓದಿದವನು ತಪ್ಪದಂತೆ ಬರೆಯುವುದು ಭಾಷೆಯ ಕೆಲಸ. ಕನ್ನಡದಲ್ಲಿ ಅಂಥ ಬರಹ ಇನ್ನೂ ಸಾಲದು. ಪದವಿ ಪಡೆದ ಮೇಲೆ ಏನು ಮಾಡುವುದೆಂದು ಚಿಂತಿಸುವ ನಮ್ಮ ಸಹಪಾಠಿಗಳು ಈ ಕಡೆಗೂ ಒಮ್ಮೆ ನೋಡಬಹುದು. ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಹುಡುಕುವ ಶಿಸ್ತನ್ನು ನಮ್ಮ ಅಧ್ಯಾಪಕರು ನಮಗೆ ಕಲಿಸಿದ್ದಾರೆ. ಓಲೆಗರಿಯ ಕಟ್ಟಿಗೆ ಸಲ್ಲುವ ಆ ಶಿಸ್ತು ಕಾರ್ಖಾನೆಯ ದಫ್ತರಕ್ಕೂ ಸಲ್ಲುತ್ತದೆ. ಅಲ್ಲಿ ಒಂದು ಅಕ್ಷರ ಶುದ್ಧವಾದರೆ, ಆ ರಾತ್ರಿಯ ಪಾಳಿಯವನು ಬೆಳಿಗ್ಗೆ ಮನೆಗೆ ಮರಳುತ್ತಾನೆ.